ಒಂಟಿ ತೋಳ, ಕಲ್ಲಿಲಿ ಮತ್ತು ಕಿತ್ತೂರಿನ ಸೆರೆಯಾಳು

1824 ಅಂದರೆ ಕಿತ್ತೂರಿನ ಸುತ್ತಲಿನ ನಾಡಿಗೆ ಒಂದೇ ನೆನಪು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು, ಒಳಗಿನವರು ಹೊರಗೆ ನುಗ್ಗಿ, ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಹೆಣವಾಗಿ ಬಿದ್ದ ವರ್ಷ ಅದು. ಅದೇ ವರ್ಷದ ಇನ್ನೊಂದು ಸಂಗತಿ ಉತ್ಸವದ ಭಾಷಣಗಳಲ್ಲಿ ಬರುವುದಿಲ್ಲ. ಆಗ ದಕ್ಷಿಣ ಮರಾಠಾ ಸೀಮೆ ಅನ್ನಿಸಿಕೊಂಡಿದ್ದ ಈ ಭಾಗದ ಒಂದೇ ಪರಗಣೆಯಲ್ಲಿ, ಆ ಒಂದೇ ವರ್ಷ, ಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ತೋಳಗಳು ತಿಂದವು. ಇದನ್ನು ಬರೆದಿಟ್ಟವನು ಕಿತ್ತೂರಿನ ಕೋಟೆಯೊಳಗೆ ಸೆರೆ ಸಿಕ್ಕಿದ್ದ ಇಬ್ಬರು ಬಿಳಿಯ ಅಧಿಕಾರಿಗಳಲ್ಲಿ ಒಬ್ಬ. ಹೆಸರು ವಾಲ್ಟರ್ ಎಲಿಯಟ್, ವಯಸ್ಸು ಇಪ್ಪತ್ತೊಂದು.

ಸೆರೆಯ ಕಥೆ ಬಹಳ ಮಂದಿಗೆ ಗೊತ್ತಿರುವಂಥದ್ದೇ. ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ದತ್ತು ಮಗನನ್ನು ಒಪ್ಪಲು ಥ್ಯಾಕರೆ ಸಿದ್ಧನಿರಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ. ಮಾತು ಮುರಿಯಿತು. ಥ್ಯಾಕರೆ ಸತ್ತ ದಿನವೇ ಅವನ ಕೈಕೆಳಗಿನ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾದರು. ರಾಣಿ ಚೆನ್ನಮ್ಮ ಇಬ್ಬರನ್ನೂ ಚೆನ್ನಾಗಿಯೇ ನೋಡಿಕೊಂಡಳೆಂದು ಚರಿತ್ರೆ ಬರೆದ ಎರಡೂ ಕಡೆಯವರು ಹೇಳುತ್ತಾರೆ. ಸುಮಾರು ನಲವತ್ತು ದಿನಗಳ ಮೇಲೆ, ಕಮಿಷನರ್ ಚಾಪ್ಲಿನ್ ದಂಡು ಸಮೇತ ಬಂದು ಕೋಟೆಯ ಮುಂದೆ ನಿಂತಾಗ, ಅವರನ್ನು ಬಿಟ್ಟುಕೊಟ್ಟರು. ಬಿಟ್ಟರೆ ಸಂಧಿಯಾದೀತು ಎಂಬ ನಂಬಿಕೆ ಉಳಿಯಲಿಲ್ಲ. ಡಿಸೆಂಬರಿನ ಮೊದಲ ವಾರದಲ್ಲೇ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದಳು, ಸಮಾಧಿ ಅಲ್ಲಿಯೇ ಇದೆ.

ಎಲಿಯಟ್ ಮಾತ್ರ ಈ ಸೀಮೆ ಬಿಟ್ಟು ಹೋಗಲಿಲ್ಲ. ಅವನ ಮೇಲಧಿಕಾರಿ ಧಾರವಾಡದ ಮಣ್ಣಿನಲ್ಲಿದ್ದ, ತಾನೇ ಸೆರೆಮನೆ ನೋಡಿ ಬಂದಿದ್ದ. ಬೇರೆಯವನಾಗಿದ್ದರೆ ಬದಲಿ ಕೇಳಿಕೊಂಡು ಹೋಗುತ್ತಿದ್ದನೇನೋ. ಇವನು 1833ರ ತನಕ ಇಲ್ಲಿಯೇ ಇದ್ದು ಊರೂರು ತಿರುಗಿದ. ತಿರುಗುವಾಗ ಎರಡು ಗೀಳು ಹಚ್ಚಿಕೊಂಡ. ಒಂದು ಕಲ್ಲಿನ ಮೇಲಿನ ಬರಹ: ಕನ್ನಡ ನಾಡಿನ 595 ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ವಂಶಾವಳಿಯನ್ನು 1837ರಲ್ಲಿ ಲಂಡನ್ನಿನ ವಿದ್ವಾಂಸರ ಮುಂದೆ ಇಟ್ಟದ್ದು ಆ ದುಡಿಮೆಯಿಂದಲೇ. ನಮ್ಮ ಇತಿಹಾಸಕಾರರು ಅವನನ್ನು ನೆನೆಯುವುದು ಇದಕ್ಕಾಗಿ. ಎರಡನೆಯ ಗೀಳಿನ ಬಗ್ಗೆ ಅಷ್ಟು ಮಾತಿಲ್ಲ. ಅದು ಪ್ರಾಣಿಗಳದು. 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅವನು ದಕ್ಷಿಣ ಮರಾಠಾ ಸೀಮೆಯ ಮೊಲೆಯೂಡಿಸುವ ಪ್ರಾಣಿಗಳ ಪಟ್ಟಿ ಅಚ್ಚು ಹಾಕಿಸಿದ. ಪ್ರತಿ ಪ್ರಾಣಿಗೂ ಇಲ್ಲಿಯ ಜನ ಕರೆಯುವ ಹೆಸರುಗಳನ್ನು ಕೊಡುವೆನೆಂದು ತಲೆಬರಹದಲ್ಲೇ ಹೇಳಿಕೊಂಡಿದ್ದ.

ಈ ಪಟ್ಟಿ ಹುಟ್ಟಿದ ನೆಲವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ಹಾದು ರಾಮದುರ್ಗಕ್ಕೆ ಹೋಗುವ ದಾರಿ ಉದ್ದವೇನಲ್ಲ. ಆದರೆ ಕಿತ್ತೂರಿನ ಪಡುವಣಕ್ಕೆ ಖಾನಾಪುರದ ಕಾಡು ಹಬ್ಬಿದೆ. ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಕಪ್ಪು ಎರೆ ಶುರುವಾಗುತ್ತದೆ. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡ, ಪರಸಗಡದ ಬಂಡೆ. ರಾಮದುರ್ಗದ ಕಡೆಗೆ ಕೆಂಪು ಮಡ್ಡಿ, ಕುರುಚಲು, ಮಳೆಗಾಗಿ ಮುಗಿಲು ನೋಡುವ ಹೊಲಗಳು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಎಲ್ಲ ಬಗೆಯ ನೆಲವನ್ನು ಹಾದು ಕೂಡಲಸಂಗಮಕ್ಕೆ ಹೋಗುತ್ತಾಳೆ. ಹುಲಿ ಕೆನ್ನಾಯಿಗಳ ಕಾಡಿಗೂ ಚಿಗರಿ ತೋಳಗಳ ಬಯಲಿಗೂ ನಡುವೆ ಕುದುರೆಯ ಮೇಲೆ ಒಂದೆರಡು ದಿನದ ದಾರಿ. ಅಷ್ಟು ಸಣ್ಣ ಸೀಮೆಯಲ್ಲಿ ಅಷ್ಟು ಬಗೆಯ ಪ್ರಾಣಿ ಸಿಕ್ಕಿದ್ದು ಅದಕ್ಕೇ.

ತೋಳದ ಬಗ್ಗೆ ಅವನು ಬರೆದದ್ದನ್ನು ಓದಿದರೆ, ಮಾತು ಅವನದಲ್ಲ, ಕುರಿಗಾರರದು ಅಂತ ಗೊತ್ತಾಗುತ್ತದೆ. ತೋಳಗಳು ಹಿಂಡಿನಲ್ಲಿ ಬೇಟೆಯಾಡುತ್ತವೆ. ಚಿಗರಿಯ, ಅಂದರೆ ಕೃಷ್ಣಮೃಗದ, ಹಿಂಡಿನ ಸುತ್ತ ಬೇರೆ ಬೇರೆ ಕಡೆ ಅಡಗಿ ಕೂತು, ಮೇಯುತ್ತ ಮೇಯುತ್ತ ಯಾವುದು ಹತ್ತಿರ ಬರುತ್ತದೋ ಅದರ ಮೇಲೆ ಎರಗುತ್ತವೆ. ಒಮ್ಮೆ ಮೂರು ತೋಳಗಳು ಚಿಂಕಾರದ ಹಿಂಡನ್ನು ಹಳ್ಳದ ಕಡೆ ಅಟ್ಟಿದವು, ಹಳ್ಳದಲ್ಲಿ ಇನ್ನೆರಡು ಕಾದು ಕೂತಿದ್ದವು. ಮರೆಯೇ ಇಲ್ಲದ ಬಟ್ಟಬಯಲಿನಲ್ಲಾದರೆ ನೆಲ ಕೆರೆದು ಗುಣಿ ಮಾಡಿ ಒಂದು ತೋಳ ಅದರಲ್ಲಿ ಮಲಗುತ್ತದೆ, ಉಳಿದವು ಹಿಂಡನ್ನು ಅದರ ಮೇಲೆಯೇ ಓಡಿಸುತ್ತವೆ ಎಂಬುದು ರೈತರ ನಂಬಿಕೆ. ಇದನ್ನು ಅವನು ತಾನು ಕಂಡದ್ದು ಅನ್ನುವುದಿಲ್ಲ, ರೈತರು ಹೇಳುತ್ತಾರೆ ಅನ್ನುತ್ತಾನೆ. ಹಟ್ಟಿಯ ಮೇಲೆ ಬಿದ್ದಾಗ ಹಿಂಡಿನ ಕೆಲವು ನಾಯಿಗಳನ್ನು ಕೆಣಕಿ ಆಡಿಸುತ್ತವೆ, ಉಳಿದವು ಕುರಿ ಎಳೆದುಕೊಂಡು ಹೋಗುತ್ತವೆ. ಬೆನ್ನು ಹತ್ತಿದರೆ ಮತ್ತೆ ಅದೇ ಉಪಾಯ. ಹಿಂಡು ಬಿಟ್ಟು ಒಂದೇ ತಿರುಗುವ ದೊಡ್ಡ ತೋಳಕ್ಕೆ ಕನ್ನಡಿಗರು ಒಂಟಿ ತೋಳ ಅನ್ನುತ್ತಾರೆ, ಅದರ ಸಿಟ್ಟು ಜಾಸ್ತಿ ಎಂದೂ ಬರೆದುಕೊಂಡ. ಮೂವತ್ತು ಮಕ್ಕಳ ಲೆಕ್ಕ ಬರುವುದು ಇದೇ ಜಾಗದಲ್ಲಿ, ಒಂದೇ ಸಾಲಿನಲ್ಲಿ. ಪರಗಣೆ ಯಾವುದೆಂದು ಅವನು ಹೇಳಲಿಲ್ಲ.

ಈ ಮಾಹಿತಿ ಸಾಹೇಬನಿಗೆ ಯಾರು ಕೊಟ್ಟರು? ಕುರುಬರು, ಒಡ್ಡರು, ಬಲೆ ಹಾಕಿ ಚಿಗರಿ ಹಿಡಿಯುವ ಹರಣಶಿಕಾರಿಗಳು. ಒಬ್ಬರ ಹೆಸರೂ ಪಟ್ಟಿಯಲ್ಲಿ ಇಲ್ಲ. ಅವರ ಭಾಷೆ ಮಾತ್ರ ಇದೆ. ಹೊನಿಗ, ಕೆರ್ಕಲ ಎಂದು ಎರಡು ಬಗೆಯ ಚಿರತೆ. ಮುದರಿ, ಬುದರಿ ಎಂದು ಚಿಂಕಾರ. ಸಿವಂಗಿ ಎಂದು ಚೀತಾ. ಜನ ಪ್ರಾಣಿಯನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಅನ್ನುವುದಕ್ಕೆ ದೊಡ್ಡ ಪ್ರಾಣಿಗಳಿಗಿಂತ ಇಲಿಗಳ ಭಾಗ ಒಳ್ಳೆಯ ಸಾಕ್ಷಿ. ಹುಲಿಯ ಬಗ್ಗೆ ಬರೆಯಲು ಎಲ್ಲ ಸಾಹೇಬರಿಗೂ ಉಮೇದು. ಇಲಿಯ ಬಿಲ ಅಗೆಸಿ ನೋಡಿದವನು ಇವನೊಬ್ಬ.

ಕೆಂಪು ಗರಸು ಮಣ್ಣಿನಲ್ಲಿ ಇರುವ ಒಂದು ಸಣ್ಣ ಇಲಿಗೆ ಜನ ಕಲ್ಲಿಲಿ ಅನ್ನುತ್ತಿದ್ದರು. ಒಡ್ಡರ ಮಾತಿನಲ್ಲಿ ಅದು ಲೆಗ್ಯಾಡೆ. ಇಲಿ ಒಳಗಿದ್ದಾಗ ಬಿಲದ ಬಾಯಿಗೆ ಸಣ್ಣ ಹರಳು ಒಟ್ಟಿ ಮುಚ್ಚಿಕೊಂಡಿರುತ್ತದೆ. ಹೊರಗೂ ಹರಳಿನ ಗುಪ್ಪೆ ಇರುತ್ತದೆ, ಅದನ್ನು ನೋಡಿಯೇ ಬಿಲ ಯಾರದು ಎಂದು ಗುರುತಿಸಬಹುದು. ಅಗೆದು ಒಳಗೆ ಹೋದರೆ ಒಂದು ಗೂಡು, ಗೂಡಿನಲ್ಲಿ ಹುಲ್ಲಿಲ್ಲ, ಹತ್ತಿಯಿಲ್ಲ, ಹರಳಿನದೇ ಹಾಸಿಗೆ. ಅದರ ಮೇಲೆ ಇಲಿ ಕೂತಿರುತ್ತದೆ. ಹೊಟ್ಟೆಯ ಕೂದಲು ಒತ್ತಾಗಿರುವುದರಿಂದ ಕಲ್ಲು ಚುಚ್ಚುವುದಿಲ್ಲ, ತಂಡಿಯೂ ತಾಗುವುದಿಲ್ಲ ಎಂದು ಎಲಿಯಟ್ ವಿವರಿಸುತ್ತಾನೆ. ಬೆರಳುದ್ದದ ಒಂದು ಪ್ರಾಣಿಯ ಮನೆಯ ಇಷ್ಟು ವಿವರ ಆ ಕಾಲದ ಪುಸ್ತಕಗಳಲ್ಲಿ ಅಪರೂಪ.

ಕೊಕ್ಕು ಎಂಬ ದೊಡ್ಡ ಹೆಗ್ಗಣದ ಬಗೆಯದು ಹೊಲದಲ್ಲಿ ಬಿಲ ತೋಡಿ ಜೋಳದ ಕಾಳು, ಕೆಲವೊಮ್ಮೆ ಇಡೀ ತೆನೆಯನ್ನೇ ಒಳಗೆ ಕೂಡಿಡುತ್ತಿತ್ತು. ಒಂದೊಂದು ಬಿಲದಲ್ಲಿ ಅರ್ಧ ಸೇರಿನಷ್ಟು ಕಾಳು ಸಿಕ್ಕಿದ್ದುಂಟು. ಸುಗ್ಗಿಯ ಕಾಲದಲ್ಲಿ ಒಡ್ಡರು ಬಿಲ ಅಗೆದು ಇಲಿಯನ್ನೂ ಕಾಳನ್ನೂ ಮನೆಗೆ ಒಯ್ಯುತ್ತಿದ್ದರು. ಚೆನ್ನಾಗಿ ಬೆಳೆದ ಕಡೆ ಆ ಒಂದು ಹಂಗಾಮು ಅವರ ಊಟ ಹೆಚ್ಚುಕಡಿಮೆ ಅದರಲ್ಲೇ ನಡೆಯುತ್ತಿತ್ತು. ಕೆರೆ ಕಟ್ಟಿದವರು, ಬಾವಿ ತೋಡಿದವರು, ಕೋಟೆಗೆ ಕಲ್ಲು ಒಡೆದವರು ಇಲಿಯ ಕಣಜದಿಂದ ಹೊಟ್ಟೆ ಹೊರೆದರು ಅನ್ನುವ ಸತ್ಯ ಪ್ರಾಣಿಗಳ ಪಟ್ಟಿಯಲ್ಲಿ ಅಡಗಿ ಕೂತಿದೆ. ಕಂದಾಯದ ದಫ್ತರಗಳಲ್ಲಿ ಅದನ್ನು ಹುಡುಕಿದರೆ ಸಿಗುವುದು ಕಷ್ಟ.

ಇನ್ನು ಕೆರ ಇಲಿ. ಒಡ್ಡರು ಇದನ್ನು ಮೆಟ್ಟಾಡೆ ಅನ್ನುತ್ತಿದ್ದರು. ಇದಕ್ಕೆ ಸ್ವಂತ ಬಿಲ ಎಂಬುದು ಹೆಸರಿಗೆ ಮಾತ್ರ. ಹೊಲದ ಕಲ್ಲುಗುಂಪೆಯಲ್ಲೋ, ಕೊಕ್ಕು ಬಿಟ್ಟುಹೋದ ಬಿಲದಲ್ಲೋ, ಬೇಸಿಗೆಯಲ್ಲಿ ಎರೆ ಒಡೆದು ಬಿಡುವ ಬಿರುಕಿನಲ್ಲೋ ಸಂಸಾರ ಹೂಡುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಿರುಕು ಮುಚ್ಚಿಕೊಳ್ಳುವಾಗ ಲೆಕ್ಕವಿಲ್ಲದಷ್ಟು ಒಳಗೇ ಸಾಯುತ್ತವೆ. ಎರೆಯ ಈ ಲೆಕ್ಕಾಚಾರ 1826ರಲ್ಲಿ ತಪ್ಪಿತು. ಮುಂಗಾರು ಸರಿಯಾಗಿ ಹಿಡಿಯಲಿಲ್ಲ, ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಬಿತ್ತಿದ ಬೀಜವನ್ನು ಬಿತ್ತಿದ ಹಾಗೇ ತಿಂದವು. ಉಳಿದದ್ದು ಬೆಳೆದು ತೆನೆ ಬಲಿತಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿ, ಕೆಳಗೆ ಇಳಿದು ಆರಾಮಾಗಿ ತಿಂದವು. ಇಡೀ ಹೊಲಗಳು ಬರಿದಾದದ್ದನ್ನು ಎಲಿಯಟ್ ಕಣ್ಣಾರೆ ಕಂಡ. ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ ಎಂದು ಅವನೇ ಬರೆದ, ಕಂದಾಯ ಎತ್ತುವ ಕಚೇರಿಯವನಾಗಿ. ಡಜನ್ನಿಗೆ ಇಷ್ಟು ಅಳತೆ ಕಾಳು ಎಂದು ಒಡ್ಡರಿಗೆ ಗೊತ್ತುಮಾಡಿ ಇಲಿ ಕೊಲ್ಲಿಸಿದರು. ಸಾವಿರಗಟ್ಟಲೆ ಕೊಂದರು, ಕಡಿಮೆಯಾದದ್ದು ಕಾಣಲಿಲ್ಲ.

ಈ ಇಲಿಗಳನ್ನು ಲಂಡನ್ನಿಗೆ ಕಳಿಸಿದಾಗ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಅವುಗಳಿಗೆ ಶಾಸ್ತ್ರೀಯ ಹೆಸರಿಟ್ಟ. ಕೊಕ್ಕು, ಮೆಟ್ಟಾಡೆ, ಲೆಗ್ಯಾಡೆಗಳು ಸ್ವಲ್ಪ ಮುರಿದುಕೊಂಡು ಲ್ಯಾಟಿನ್ನಿನಲ್ಲಿ ಸೇರಿದವು. ಇವತ್ತಿಗೂ ಕೆರ ಇಲಿಯ ಶಾಸ್ತ್ರೀಯ ಹೆಸರು ಮಿಲಾರ್ಡಿಯಾ ಮೆಲ್ಟಾಡ. ಎಲಿಯಟ್‌ನ ಹೆಸರೂ ಒಂದು ಇಲಿಗೆ ಅಂಟಿಕೊಂಡಿದೆ.

ಅವನನ್ನು ಮೆರೆಸುವುದು ಈ ಬರಹದ ಉದ್ದೇಶವಲ್ಲ. ಅವನೂ ಬೇಟೆಗಾರ, ಅವನ ಕೆಲಸ ಕಂಪನಿ ಸರಕಾರದ ಬೇರು ಇಳಿಸುವುದು. ಮುಂದೆ ಮದ್ರಾಸಿನ ಗವರ್ನರನ ಕೌನ್ಸಿಲ್ಲಿಗೆ ಏರಿದ. ಚಾರ್ಲ್ಸ್ ಡಾರ್ವಿನ್ ಪಾರಿವಾಳ, ಕೋಳಿಗಳ ಚರ್ಮ ಬೇಕೆಂದು 1856ರಲ್ಲಿ ಕಾಗದ ಬರೆದಾಗ ಕಳಿಸಿಕೊಟ್ಟ. ಕಣ್ಣು ಮಂಜಾದ ಮುಪ್ಪಿನಲ್ಲಿ ಸ್ಕಾಟ್ಲೆಂಡಿನ ತನ್ನ ಜಹಗೀರಿನಲ್ಲಿ ಕೂತು ದಕ್ಷಿಣ ಭಾರತದ ನಾಣ್ಯಗಳ ಪುಸ್ತಕ ಬರೆಸಿದ. ಆ ಊರ ಹೆಸರು ವುಲ್ಫ್‌ಲೀ. ಹೆಸರಿನಲ್ಲಿ ತೋಳವಿತ್ತು, ಊರಲ್ಲಿರಲಿಲ್ಲ; ಸ್ಕಾಟ್ಲೆಂಡಿನ ತೋಳಗಳು ಅವನು ಹುಟ್ಟುವ ಎಷ್ಟೋ ಮೊದಲೇ ಮುಗಿದಿದ್ದವು. 1876-77ರಲ್ಲಿ ಅಲ್ಲಿಯ ಗಡಿನಾಡಿನ ಹೊಲಗಳಿಗೂ ಇಲಿಯ ಪಿಡುಗು ಬಂತು. ಅದರ ಬಗ್ಗೆ ಅಲ್ಲಿಯ ನಿಸರ್ಗ ಸಂಘದ ಸಂಚಿಕೆಯಲ್ಲಿ ಲೇಖನ ಬರೆದವನು ಇವನೇ. ಐವತ್ತು ವರ್ಷ ಹಿಂದೆ ಮಲಪ್ರಭೆಯ ನಾಡಿನಲ್ಲಿ ಅದೇ ನಾಟಕ ನೋಡಿದ ಮನುಷ್ಯ.

ಪಟ್ಟಿಯಲ್ಲಿ ಇನ್ನೊಂದು ಮಾತು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡಿದೆ. ಕೆನ್ನಾಯಿ ಈಚಿನ ವರ್ಷಗಳ ತನಕ ಈ ಸೀಮೆಯಲ್ಲಿ ಗೊತ್ತೇ ಇರಲಿಲ್ಲ, ಈಗ ಬಹಳವಾಗಿದೆ ಎನ್ನುತ್ತಾನೆ ಎಲಿಯಟ್. ಅವು ಗುಂಪಾಗಿ ಬಿದ್ದು ಹುಲಿಯನ್ನೂ ಕೊಲ್ಲುತ್ತವೆ ಎಂದು ಜನ ನಂಬಿದ್ದರು. ಧಾರವಾಡದ ಹತ್ತಿರ ಒಂದು ಹಿಂಡು ದೊಡ್ಡ ಕಡವೆಯನ್ನು ಓಡಿಸಿ ಕೊಂದದ್ದನ್ನು ಪಲ್ಟಣದ ಅಧಿಕಾರಿಗಳು ನೋಡಿದ್ದರು. ಯಾವ ಪ್ರಾಣಿ ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂಬ ನಿಗಾ ಜನರಲ್ಲಿ ಇತ್ತು ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಇಂದು ನಾವು ಜನಜಾಗೃತಿ ಎಂದು ಹೇಳುವುದರ ಅರ್ಧ ಆಗಲೇ ಹೊಲದಲ್ಲಿತ್ತು. ಉಳಿಸಬೇಕು ಎಂಬ ಮಾತು ಇರಲಿಲ್ಲ, ನಿಜ. ಉಳಿಯದೇ ಹೋಗಬಹುದು ಎಂಬ ಯೋಚನೆಯೇ ಯಾರಿಗೂ ಬರುವಂತಿರಲಿಲ್ಲ.

ಹೋದದ್ದು ಹೇಗೆ ಎಂದರೆ, ಮೊದಲು ರೊಕ್ಕದಿಂದ. ಕಂಪನಿ ಸರಕಾರವೂ ಆಮೇಲಿನ ಬ್ರಿಟಿಷ್ ರಾಣಿಯ ಸರಕಾರವೂ ಹುಲಿ, ಚಿರತೆ, ತೋಳಗಳ ತಲೆಗೆ ಇನಾಮು ಕಟ್ಟಿದವು. ಇಡೀ ದೇಶದಲ್ಲಿ 1875ರಿಂದ 1925ರ ಐವತ್ತು ವರ್ಷಗಳಲ್ಲಿ 80 ಸಾವಿರಕ್ಕೂ ಮೇಲೆ ಹುಲಿ, ಒಂದೂವರೆ ಲಕ್ಷ ಚಿರತೆ, ಎರಡು ಲಕ್ಷ ತೋಳ ಸತ್ತವೆಂದು ಬೇಟೆಯ ಇತಿಹಾಸ ಬರೆದ ಮಹೇಶ್ ರಂಗರಾಜನ್ ಲೆಕ್ಕ ತೆಗೆದಿದ್ದಾರೆ. 1824ರಂಥ ವರ್ಷ ಕಂಡ ತಾಯಂದಿರಿಗೆ ಈ ಇನಾಮು ಅನ್ಯಾಯ ಅನ್ನಿಸಿರಲಾರದು. ಅದನ್ನೂ ಹೇಳಬೇಕು. ಸಿವಂಗಿಯನ್ನಂತೂ ಇನಾಮಿನ ಜೊತೆ ರಾಜರ ಶೋಕಿಯೂ ತಿಂದಿತು. ಪಳಗಿಸಿ ಚಿಗರಿ ಬೇಟೆಗೆ ಬಿಡಲು ಮರಿಯಲ್ಲ, ಬಲಿತದ್ದನ್ನೇ ಹಿಡಿಯುತ್ತಿದ್ದರು, ಸೆರೆಯಲ್ಲಿ ಅದು ಈಯುವುದು ಬಲು ಅಪರೂಪ. ಕೊನೆಗೆ ಕೊಲ್ಲಾಪುರದ ದರಬಾರು ಆಫ್ರಿಕದಿಂದ ಚೀತಾ ತರಿಸಿಕೊಳ್ಳುವ ಹೊತ್ತು ಬಂತು. 1952ರಲ್ಲಿ ಭಾರತದಲ್ಲಿ ಚೀತಾ ಉಳಿದಿಲ್ಲ ಎಂದು ಸಾರಿದರು.

ಎರಡನೆಯದು ನೇಗಿಲು. ಅಮೆರಿಕದ ಬೀಜದಿಂದ ಬಂದ ಹತ್ತಿ ಇಲ್ಲಿಯ ಎರೆಗೆ ಒಗ್ಗಿ ಧಾರವಾಡ-ಅಮೆರಿಕನ್ ಎಂಬ ಹೆಸರಿನಿಂದಲೇ ಪೇಟೆಯಲ್ಲಿ ಮಾರಾಟವಾಯಿತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧಕ್ಕೆ ಹತ್ತಿಯ ಬೆಲೆ ಮುಗಿಲು ಮುಟ್ಟಿದಾಗ ಬೀಳು ಬಿದ್ದ ಎರೆಯನ್ನೂ ಹರಗಿದರು. ಹುಲ್ಲುಬಯಲು ಎಂದರೆ ಸರಕಾರದ ಕಣ್ಣಿಗೂ ಪಾಳು ಭೂಮಿ. ಕಾಡಿಗಾದರೆ ಕಾಯುವ ಇಲಾಖೆ ಹುಟ್ಟಿತು, ಬಯಲಿಗೆ ಯಾರೂ ದಿಕ್ಕಿರಲಿಲ್ಲ. ಈಗಲೂ ಹಳ್ಳಿಯಲ್ಲಿ ಗಾಯರಾಣ ಅಂದರೆ ಯಾವ ಕಟ್ಟಡಕ್ಕೆ ಜಾಗ ಬೇಕಾದರೂ ಮೊದಲು ಕಣ್ಣು ಬೀಳುವ ನೆಲ.

ಮೂರನೆಯದು ಅಷ್ಟು ಎದ್ದು ಕಾಣುವುದಿಲ್ಲ. ಪ್ರಾಣಿಗಳನ್ನು ಅರಿತಿದ್ದ ಜನರನ್ನೇ ಅಪರಾಧಿಗಳನ್ನಾಗಿ ಮಾಡಿದ್ದು. 1871ರಲ್ಲಿ ಕ್ರಿಮಿನಲ್ ಬುಡಕಟ್ಟುಗಳ ಕಾಯಿದೆ ಬಂತು. ಮುಂದೆ ಮುಂಬಯಿ ಕರ್ನಾಟಕದ ಹರಣಶಿಕಾರಿಗಳನ್ನೂ ಅದರಡಿ ತಂದು, ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿದರು. 1952ರಲ್ಲಿ ಆ ಕಾಯಿದೆ ಹೋಯಿತು, ಹಣೆಪಟ್ಟಿ ಅಷ್ಟು ಬೇಗ ಹೋಗಲಿಲ್ಲ. ಚಿಗರಿಯ ಹೆಜ್ಜೆ ನೋಡಿ ಗಂಡೋ ಹೆಣ್ಣೋ ಹೇಳಬಲ್ಲವನ ಮೊಮ್ಮಗ ಸೆಟ್ಲಮೆಂಟಿನ ಓಣಿಯಲ್ಲಿ ಹುಟ್ಟಿ ಬೆಳೆದ.

ಕಾಯುವ ಕಾಯಿದೆಗಳೂ ಬಂದವು. ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದಾಗ 1951ರದು, ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1963ರದು, ಆಮೇಲೆ ಇಡೀ ದೇಶಕ್ಕೆ 1972ರದು. ಮೊದಲ ಎರಡರ ಕಾಲದಲ್ಲಿ ಮಹಾಯುದ್ಧ ಮುಗಿದು ಅಗ್ಗಕ್ಕೆ ಸಿಕ್ಕ ಜೀಪು, ಅದರ ಮೇಲೊಂದು ದೊಡ್ಡ ದೀಪ ಇದ್ದವರಿಗೆ ರಾತ್ರಿಯ ಬಯಲು ತಮ್ಮದೇ ಅಂಗಳ. ದೀಪಕ್ಕೆ ಕಣ್ಣು ಕುಕ್ಕಿದ ಚಿಗರಿ ನಿಂತಲ್ಲೇ ನಿಲ್ಲುತ್ತದೆ.

1972ರ ಸುಮಾರಿಗೆ ಈ ಸೀಮೆಯಲ್ಲಿ ಇನ್ನೂ ದೊಡ್ಡದೊಂದು ಕೆಲಸ ಮುಗಿಯುತ್ತಿತ್ತು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡ ಸೀಳಿ ಹೊರಡುವ ಕಿಂಡಿ ಎಷ್ಟು ಇಕ್ಕಟ್ಟೆಂದರೆ, 37.73 ಟಿಎಂಸಿ ನೀರು ಹಿಡಿಯುವ ಅಣೆಕಟ್ಟಿನ ಉದ್ದ ಬರೀ 154 ಮೀಟರು. ಹಿಂದೆ ರೇಣುಕಾಸಾಗರ ತುಂಬಿತು. ಎಡದಂಡೆ, ಬಲದಂಡೆ ಕಾಲುವೆಗಳು ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದದ ಎರೆಗೆ ನೀರು ಕೊಟ್ಟವು. ನೀರು ಬಂತು, ಅಭಿವೃದ್ಧಿ ಕರವೂ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಬಂಡಾಯ ಭುಗಿಲೆದ್ದು ಗೋಲಿಬಾರಾದದ್ದು ಕರ್ನಾಟಕದ ರಾಜಕಾರಣವನ್ನೇ ತಿರುಗಿಸಿತು. ಆ ಕಥೆ ಬೇರೆ, ದೊಡ್ಡದು. ಇಲಿ, ತೋಳ, ಚಿಗರಿಗಳ ಲೆಕ್ಕದಲ್ಲಿ ಹೇಳಬೇಕಾದದ್ದು ಇಷ್ಟೇ: ಬೇಸಿಗೆಯಲ್ಲಿ ಬಿರುಕು ಬಿಡುತ್ತಿದ್ದ ಎರೆ ಕಾಲುವೆಯ ಕೆಳಗೆ ಬಿರುಕು ಬಿಡುವುದನ್ನು ಕಡಿಮೆ ಮಾಡಿತು. ಜೋಳ, ಕಡಲೆಯ ಜಾಗದಲ್ಲಿ ಗೋವಿನಜೋಳ, ಕಬ್ಬು ಬಂದವು. ಎಂ.ಕೆ. ಹುಬ್ಬಳ್ಳಿಯ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಬೇಕಿತ್ತು. ಮೊಣಕಾಲೆತ್ತರದ ಬೆಳೆಯಲ್ಲಿ ದೂರದ ತನಕ ಕಣ್ಣಾಡಿಸಿ ಓಡಿ ಬದುಕುವ ಪ್ರಾಣಿ ಚಿಗರಿ. ಆಳೆತ್ತರದ ಕಬ್ಬು ಅದಕ್ಕೆ ಗೋಡೆ. ಅದೇ ಕಬ್ಬು ಚಿರತೆಗೆ ಮಾತ್ರ ಒಳ್ಳೆಯ ಮನೆ.

ಚಿರತೆಯ ಒಂದು ಪ್ರಸಂಗ ಮರೆಯುವ ಹಾಗಿಲ್ಲ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಒಂದು ಚಿರತೆ ಕಾಣಿಸಿಕೊಂಡಿತು. ಸುತ್ತಲಿನ ಹತ್ತಾರು ಶಾಲೆಗಳಿಗೆ ವಾರಗಟ್ಟಲೆ ಬೀಗ ಬಿತ್ತು. ಬೋನು ಇಟ್ಟರು, ಡ್ರೋನ್ ಹಾರಿಸಿದರು, ಸಕ್ರೆಬೈಲಿನಿಂದ ಆನೆಗಳನ್ನೂ ತಂದರು. ಚಿರತೆ ಸಿಗಲಿಲ್ಲ, ತಾನಾಗಿಯೇ ಎತ್ತಲೋ ಹೋಯಿತು. ಹೊನಿಗ ಬೇರೆ, ಕೆರ್ಕಲ ಬೇರೆ ಎಂದು ಬೇರ್ಪಡಿಸುತ್ತಿದ್ದ ಜನರ ಜಿಲ್ಲೆಯಲ್ಲಿ ಮೊಬೈಲಿನಲ್ಲಿ ಹರಿದಾಡಿದ ಚಿತ್ರಗಳಲ್ಲಿ ಯಾವುದು ಇಲ್ಲಿಯದು, ಯಾವುದು ಆಫ್ರಿಕದ್ದು ಎಂದು ಹೇಳಬಲ್ಲವರು ಸಿಗುವುದೇ ಕಷ್ಟವಾಯಿತು. ಎಲಿಯಟ್‌ನ ಕಾಲದ ಆ ಎರಡು ಬಗೆಗಳು ಒಂದೇ ಪ್ರಾಣಿಯವೆಂದು ಶಾಸ್ತ್ರ ಆಮೇಲೆ ತೀರ್ಮಾನಿಸಿತು. ಇರಲಿ. ನೋಡಿ ಭೇದ ಎಣಿಸಿದ್ದರು ಅನ್ನುವುದು ಮುಖ್ಯ.

ಬಯಲಿನ ಪ್ರಾಣಿಗಳಿಗೆ ಈಗ ಉಳಿದಿರುವುದು ದ್ವೀಪಗಳು. ಸಮುದ್ರದ ನಡುವಿನವಲ್ಲ, ಬೆಳೆಯ ನಡುವಿನವು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಮಾಡಿದ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರು. ಅದೇ ವರ್ಷ ಘಟಪ್ರಭೆಯ ಹಿನ್ನೀರು ಪಕ್ಷಿಧಾಮವಾಯಿತು. ರಾಮದುರ್ಗದ ಬಡಗಣಕ್ಕೆ, ಮುಧೋಳ ಬೀಳಗಿಗಳ ನಡುವಿನ ಯಡಹಳ್ಳಿಯನ್ನು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಿದರು, ಸುಮಾರು 96 ಚದರ ಕಿಲೋಮೀಟರು. ಚಿಂಕಾರಕ್ಕಾಗಿ ರಾಜ್ಯದಲ್ಲಿ ಮಾಡಿದ ಮೊದಲನೆಯದು ಅದು. ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ವನ್ಯಧಾಮವಾಗಿದೆ, ಅದು ಬರೀ 330 ಎಕರೆ ಚಿಲ್ಲರೆ. ತೋಳದ ಹಿಂಡು ಒಂದು ರಾತ್ರಿಗೆ ಅಷ್ಟು ನೆಲವನ್ನು ದಾಟಿ, ಮುಂದಿನ ಹೊಲ ಸೇರಿ, ಅಲ್ಲಿಂದಲೂ ಮುಂದೆ ಹೋಗುತ್ತದೆ. ಬೇಲಿಯೊಳಗೆ ಅದು ಕಾಯಿದೆಯ ಪ್ರಾಣಿ, ಹೊರಗೆ ಕುರಿ ಹೊಡೆಯುವ ಕಳ್ಳ.

ದ್ವೀಪ ಸಣ್ಣದಾದಷ್ಟು ಅಪಾಯ ದೊಡ್ಡದು ಅನ್ನುವುದನ್ನು ನಮ್ಮ ಜಿಲ್ಲೆ 2025ರ ನವೆಂಬರಿನಲ್ಲಿ ಕಣ್ಣಾರೆ ಕಂಡಿತು. ಬೆಳಗಾವಿಯ ಹತ್ತಿರ ಭೂತರಾಮನಹಟ್ಟಿಯ ಪ್ರಾಣಿಸಂಗ್ರಹಾಲಯದಲ್ಲಿ ಮೂವತ್ತರಷ್ಟು ಚಿಗರಿಗಳು ಕೆಲವೇ ದಿನಗಳಲ್ಲಿ ಸತ್ತವು. ದನಗಳಿಗೆ ಬರುವ ಗಳಲೆ ರೋಗ. ಆವರಣದಲ್ಲಿದ್ದ ಹಿಂಡಿನಲ್ಲಿ ಬದುಕಿದ್ದು ಬೆರಳೆಣಿಕೆಯಷ್ಟು. ಬಯಲಿನಲ್ಲಿ ಚದುರಿ ಮೇಯುವ ಹಿಂಡಾಗಿದ್ದರೆ ರೋಗ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗಲು ಸಮಯ ಬೇಕಿತ್ತು, ಓಡಿಹೋಗಲು ಜಾಗವಿತ್ತು. ಆ ಸಂಗ್ರಹಾಲಯದ ಹೆಸರು ಕಿತ್ತೂರು ರಾಣಿ ಚೆನ್ನಮ್ಮ.

ಜಾಗೃತಿಯ ಕೆಲಸವೂ ನಡೆದೇ ಇದೆ. ಅಕ್ಟೋಬರಿನ ಮೊದಲ ವಾರ ವನ್ಯಜೀವಿ ಸಪ್ತಾಹ, ಮಕ್ಕಳಿಂದ ಚಿತ್ರ, ಪ್ರಬಂಧ, ಜಾಥಾ. ಮಕ್ಕಳು ಹುಲಿ ಬರೆಯುತ್ತಾರೆ, ಆನೆ ಬರೆಯುತ್ತಾರೆ, ಸಿಂಹವನ್ನೂ ಬರೆಯುತ್ತಾರೆ. ತೋಳಕ್ಕೆ ಸಿಕ್ಕಿರುವುದು ಸುಳ್ಳು ಹೇಳಿದ ಹುಡುಗನ ಕಥೆ ಒಂದೇ. ಮಡ್ಡಿಯ ಮೇಲೆ ಕಲ್ಲಿಲಿಯ ಹರಳಿನ ಗುಪ್ಪೆ ಇದ್ದರೂ ತೋರಿಸುವವರು ಬೇಕಲ್ಲ. ಕುರಿ ಸತ್ತರೆ ಪರಿಹಾರ ಇದೆ ಎಂಬ ಫಲಕ ಹಾಕುತ್ತಾರೆ. ಪಶುವೈದ್ಯರ ಪ್ರಮಾಣಪತ್ರ, ಮಹಜರು ಆಗುವ ತನಕ ಊರಿಂದೂರಿಗೆ ಹೋಗುವ ಕುರಿಗಾರ ಆ ಊರಲ್ಲೇ ಕೂಡುವಂತಿಲ್ಲ, ಹಿಂಡಿಗೆ ಮೇವು ಮುಂದಿನ ಊರಲ್ಲಿದೆ. ತಿಳಿಸುವವರು ಪಟ್ಟಣದವರು, ತಿಳಿದುಕೊಳ್ಳಬೇಕಾದವರು ಹಳ್ಳಿಯವರು ಎಂದು ಲೆಕ್ಕ ಹಾಕಿಕೊಂಡಿದ್ದೇವೆ. 1839ರಲ್ಲಿ ಲೆಕ್ಕ ಇದಕ್ಕೆ ತಿರುಗಾಮುರುಗಾ ಇತ್ತು. ಕೇಳುವವನು ಸಾಹೇಬ, ಹೇಳುವವನು ಒಡ್ಡ.

ಹಾಗೆ ಕೇಳುವ ಕೆಲಸವನ್ನು ಕಾಯಿದೆಯೇ ಮತ್ತೆ ತಂದಿದೆ, ಗಮನಿಸಿದವರು ಕಡಿಮೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜನರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ವರ್ಷಗಟ್ಟಲೆ ಕೆಲಸ ತೆವಳಿತು. 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ಹಸಿರು ನ್ಯಾಯಮಂಡಳಿ ಗದರಿಸಿದ ಮೇಲೆ ದೇಶದ ತುಂಬ ದಾಖಲಾತಿಗಳು ಅವಸರದಲ್ಲಿ ಸಿದ್ಧವಾದವು. ಅವಸರದಲ್ಲಿ ಬರೆದದ್ದನ್ನು ತಿದ್ದಿ ಬೆಳೆಸಲು ಕಾಯಿದೆಯಲ್ಲೇ ಅವಕಾಶವಿದೆ.

ಆ ದಾಖಲಾತಿಯ ನಮೂನೆಯಲ್ಲಿ ಪ್ರಾಣಿಯ ಶಾಸ್ತ್ರೀಯ ಹೆಸರಿನ ಪಕ್ಕ ಸ್ಥಳೀಯ ಹೆಸರಿಗೂ ಒಂದು ಕಾಲಂ ಇದೆ, ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬರೆಯಲೂ ಜಾಗವಿದೆ. ಬೈಲಹೊಂಗಲದಿಂದ ರಾಮದುರ್ಗದ ತನಕ ಸುಗ್ಗಿ ಮುಗಿದ ಎರೆ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ಇಂದಿಗೂ ಕುರಿ ತರುಬಿಸುತ್ತಾರೆ. ತೋಳ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತವೆ, ಯಾವುದು ಒಂಟಿ ಎಂದು ಹೇಳಬಲ್ಲವರು ರಾತ್ರಿ ಆ ಹಟ್ಟಿಯ ಪಕ್ಕ ಮಲಗಿರುತ್ತಾರೆ. ದಾಖಲಾತಿ ತಿದ್ದುವವರು ಆಗ ಅಲ್ಲಿಗೆ ಹೋಗಬೇಕು. ಪಂಚಾಯಿತಿ ಕಚೇರಿಯಲ್ಲಿ ಸಭೆ ಕರೆದರೆ ಆ ಜನ ಬರುವುದಿಲ್ಲ, ಕುರಿ ಬಿಟ್ಟು ಬರುವ ಹಾಗೂ ಇಲ್ಲ.